ಮಗಳು ಕಡಲ ಹವಳದ ಮ್ಯಾಲೆ ಓದ್ತೀನಿ ಅಂತಾಳ, ನಮ್ಮ ಬಿಸಿಲು ಸೀಮಿಯವರಿಗೆ ಇದು ಆಗಿಬರ್ತೈತೇನ್ರಿ?

ಭತ್ತದಮನಿ_ಗಂಗಾವತಿ:
ಎಲ್ಲಾರಿಗೂ ಶರಣ್ರಿ. ನಮ್ದು ಗಂಗಾವತಿ ಹತ್ರ ಹಳ್ಳಿ, ತುಂಗಭದ್ರಾ ಎಡದಂಡೆ ಕಾಲುವಿ ಕೆಳಗ ಭತ್ತ ಬೆಳಿತೀವಿ. ಮಗಳು ಬಿಎಸ್ಸಿ ಮುಗಿಸ್ಯಾಳ, ಝೂಆಲಜಿ ಒಳಗ ಚೊಲೊ ಮಾರ್ಕ್ಸ್ ಬಂದಾವ. ಈಗ ಕಾರವಾರಕ್ಕ ಹೋಗಿ ಮರೈನ್ ಬಯಾಲಜಿ ಎಂಎಸ್ಸಿ ಮಾಡ್ತೀನಿ, ಮುಂದ ಹವಳದ ಮ್ಯಾಲೆ ರಿಸರ್ಚ್ ಮಾಡ್ತೀನಿ ಅಂತ ಹಟ ಹಿಡದು ಕುಂತಾಳ. ಬೀಗರೆಲ್ಲ ಬಿಎಡ್ ಮಾಡಸು ಟೀಚರ್ ಆಗ್ತಾಳ, ಕಡಲು ನಮಗ್ಯಾಕ ಅಂತಾರ. ನಮ್ಮ ಮನಿಯಾಕಿ ಅಂತೂ ತಾಳಿ ಸರ ಮುಂದ ಹಿಡದು "ಹವಳ ಅಂದ್ರ ಇದಾ ಅಲ್ಲೇನು, ಇದರ ಮ್ಯಾಲೆ ಎರಡು ವರ್ಷ ಓದೋದು ಏನೈತಿ" ಅಂತ ಕೇಳಿದ್ಲು, ನನಗ ಉತ್ತರ ಕೊಡಾಕ ಬರ್ಲಿಲ್ಲ. ನಾನು ಸಮುದ್ರ ನೋಡಿದ್ದು ಒಂದಾ ಸಲ, ಗೋಕರ್ಣಕ್ಕ ಹೋದಾಗ. ಮಗಳು ಹೇಳೋದು ಅರ್ಧ ತಿಳಿತೈತಿ ಅರ್ಧ ತಿಳಿಯಂಗಿಲ್ಲ. ಬ್ಯಾಡ ಅನ್ನಾಕ ಮನಸಿಲ್ಲ, ಹೂಂ ಅನ್ನಾಕ ಧೈರ್ಯ ಇಲ್ಲ. ತಿಳಿದವರು ಬಿಡಿಸಿ ಹೇಳ್ರಿ, ಈ ಹವಳದೊಳಗ ಅಂಥಾದ್ದು ಏನೈತಿ?

ಸಿಂಧನೂರಿನವ:
ಬಿಎಡ್ ಮಾಡಸ್ರಿ ಅಣ್ಣಾರ. ರಿಸರ್ಚ್ ಅಂತ ಹೋದವರು ಮೂವತ್ತು ದಾಟಿದ್ರೂ ಫೆಲೋಶಿಪ್ ಮ್ಯಾಲೆ ಇರ್ತಾರ.

ಝೂಆಲಜಿ_ಮೇಡಂ_ಬಳ್ಳಾರಿ:
ಅಣ್ಣಾ, ಮೊದಲು ಅಕ್ಕನ ಪ್ರಶ್ನೆಗೆ ಉತ್ತರ ಹೇಳ್ತೀನಿ, ಅದು ತುಂಬ ಒಳ್ಳೆ ಪ್ರಶ್ನೆ, ನನ್ನ ಕ್ಲಾಸಲ್ಲೂ ವರ್ಷಾ ವರ್ಷಾ ಬರುತ್ತೆ. ತಾಳಿಯಲ್ಲಿರೋ ಕೆಂಪು ಹವಳ ಬೇರೆ, ನಿಮ್ಮ ಮಗಳು ಹೇಳ್ತಿರೋ ಹವಳ ಬೇರೆ. ಕೆಂಪು ಹವಳ ಹಳೇ ಕಾಲದಿಂದ ಬರ್ತಿದ್ದಿದ್ದು ಮೆಡಿಟರೇನಿಯನ್ ಸಮುದ್ರದಿಂದ. ಅದರ ಪುಟ್ಟ ಜೀವಿಗೆ ಎಂಟು ಕೈ. ಅದು ದ್ವೀಪ ಕಟ್ಟಲ್ಲ. ಕಲ್ಲು ಹವಳ ಅಂತ ಇನ್ನೊಂದು ಗುಂಪಿದೆ, ಅದರ ಜೀವಿಗೆ ಕೈ ಆರರ ಲೆಕ್ಕದಲ್ಲಿರುತ್ತೆ, ಆರು, ಹನ್ನೆರಡು, ಇಪ್ಪತ್ತನಾಲ್ಕು ಹೀಗೆ. ಲಕ್ಷದ್ವೀಪ, ಮಾಲ್ಡೀವ್ಸ್, ಆಸ್ಟ್ರೇಲಿಯಾದ 2300 ಕಿಲೋಮೀಟರ್ ಉದ್ದದ ಗ್ರೇಟ್ ಬ್ಯಾರಿಯರ್ ರೀಫ್ ಎಲ್ಲಾ ಕಟ್ಟಿದ್ದು ಈ ಕಲ್ಲು ಹವಳಗಳೇ.

ಒಂದೊಂದು ಜೀವಿಗೆ ಪಾಲಿಪ್ ಅಂತಾರೆ, ಎಷ್ಟೋ ಜಾತಿಯಲ್ಲಿ ಜೋಳದ ಕಾಳಿಗಿಂತ ಚಿಕ್ಕದು. ಸಮುದ್ರದ ನೀರಿಂದ ಸುಣ್ಣದ ಅಂಶ ಎಳ್ಕೊಂಡು ತನ್ನ ಬುಡಕ್ಕೆ ತಾನೇ ಬಟ್ಟಲು ಥರ ಮನೆ ಕಟ್ಟುತ್ತೆ, ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು, ಸತ್ತವರ ಮನೆ ಮೇಲೆ ಬದುಕಿರೋರು ಮನೆ ಕಟ್ಕೊಂಡು ಹೋಗ್ತಾರೆ. ಸಾವಿರಾರು ವರ್ಷ ಹೀಗೇ ನಡೆದ್ರೆ ದಿಬ್ಬ.

ಕೌಲ್‌ಬಜಾರ್_ಹುಡುಗ:
ಮೇಡಂ ಅದು ಗಿಡ ಅಲ್ವಾ? ನಾವು ಓದೋವಾಗ ಒಳಗೆ ಪಾಚಿ ಇರುತ್ತೆ, ಬಿಸಿಲಲ್ಲಿ ಆಹಾರ ಮಾಡುತ್ತೆ ಅಂತ ಹೇಳಿದ್ರು

ಝೂಆಲಜಿ_ಮೇಡಂ_ಬಳ್ಳಾರಿ:
ಪ್ರಾಣಿನೇ ಪಾ. ಪಾಚಿ ಅದರ ಮೈಯೊಳಗೆ ಬಾಡಿಗೆಗಿರೋದು. ಈ ಜಗಳ ಹೊಸದಲ್ಲ. 1720ರ ದಶಕದಲ್ಲಿ ಪೆಯ್ಸೊನೆಲ್ ಅಂತ ಫ್ರಾನ್ಸಿನ ಡಾಕ್ಟರ್ ಒಬ್ಬರು ಹವಳದ "ಹೂವು" ಹೂವಲ್ಲ, ಪ್ರಾಣಿ ಅಂತ ಬರೆದ್ರೆ ಪ್ಯಾರಿಸ್ಸಿನ ಪಂಡಿತರು ಒಪ್ಪಲೇ ಇಲ್ಲ. ಆಮೇಲೆ ಅವರು ಹೇಳಿದ್ದೇ ಸರಿ ಅಂತಾಯ್ತು.

ಮಸ್ಕಿ_ಅಕ್ಕ:
ಬಾಡಿಗಿ ಅಲ್ರಿ ಮೇಡಂ, ನಮ್ಮ ಕಡಿ ಮಾತಿನಾಗ ಅದು ಪಾಲಿಗಿ ಮಾಡೋದು. ನನ್ನ ತಮ್ಮ ಹೇಳಿದ್ದು ಹಿಂಗ: ಪಾಚಿ ಹವಳದ ಮೈಯಾಗ ಇರ್ತದ, ಬಿಸಿಲಿಗಿ ಸಕ್ಕರಿ ಮಾಡ್ತದ, ಮಾಡಿದ್ದರಾಗ ತೊಂಬತ್ತು ಪಾಲಿನ ತನಕ ಹವಳಕ್ಕ ಕೊಡ್ತದ. ಹವಳ ಅದಕ್ಕ ಜಾಗ ಕೊಡ್ತದ, ತನ್ನ ಹೊಲಸು ಗೊಬ್ಬರದಂಗ ಕೊಡ್ತದ. ಹೊಲದ ಧಣಿ ಒಬ್ಬ, ದುಡಿಯವ ಒಬ್ಬ. ಹವಳಕ್ಕ ಬಣ್ಣ ಬರೋದೂ ಹೆಚ್ಚಾಗಿ ಆ ಪಾಚಿಯಿಂದನ. ನೀರು ಕಾದ್ರ ಇಬ್ಬರ ಕರಾರು ಮುರೀತದ, ಹವಳ ಪಾಚಿನ ಹೊರಗ ಹಾಕ್ತದ, ಬೆಳ್ಳಗ ಆಗ್ತದ. ಅದಕ್ಕ ಬ್ಲೀಚಿಂಗ್ ಅಂತಾರ. ಬೆಳ್ಳಗಾದ ಕೂಡಲೇ ಸತ್ತಂಗಲ್ಲ, ಉಪವಾಸ ಬಿದ್ದಂಗ. ನೀರು ಲಗೂ ತಣ್ಣಗಾದ್ರ ಪಾಚಿ ಮತ್ತ ಬಂದು ಸೇರ್ತದ, ಇಲ್ಲಂದ್ರ ಹೋತು.

ಬಿಸಿಲೂರು_ರಾಯಚೂರು:
ಎಷ್ಟು ಕಾದ್ರ? ಒಂದು ಡಿಗ್ರಿ ಅಂತ ಓದೀನಿ. ಒಂದು ಡಿಗ್ರಿಗಿ ಸಾಯ್ತದ ಅಂದ್ರ ನಂಬಾಕ ಆಗಲ್ಲ ನನಗ. ನಮ್ಮ ರಾಯಚೂರಾಗ ಏಪ್ರಿಲ್-ಮೇ ತಿಂಗಳ 43-44 ಡಿಗ್ರಿ ಬರ್ತದ, ಮುಂಜಾನಿ 28 ಮಧ್ಯಾಹ್ನ 44, ನಾವು ಬದುಕಿಲ್ಲೇನು? ಬೇವಿನ ಗಿಡ ಚಿಗುರಿಲ್ಲೇನು? ಇದು ಸುಮ್ನ ಹೆದರಸೋ ಮಾತು.

ಝೂಆಲಜಿ_ಮೇಡಂ_ಬಳ್ಳಾರಿ:
ಹೊರಗಿನ ಗಾಳಿ 28ರಿಂದ 44 ಆದ್ರೂ ನಿಮ್ಮ ಮೈ ಒಳಗೆ 37 ದಾಟಲ್ಲ ಅಣ್ಣಾ. ಒಳಗೆ ಎರಡು ಡಿಗ್ರಿ ಏರಿದ್ರೆ ಜ್ವರ ಅಂತ ಮಲಗ್ತೀರಿ, ಹೌದಲ್ವಾ? ಹವಳಕ್ಕೆ ಹೊರಗೊಂದು ಒಳಗೊಂದು ಇಲ್ಲ, ನೀರೇ ಅದರ ಮೈ. ಉಷ್ಣವಲಯದ ಕಡಲ ನೀರು ವರ್ಷವಿಡೀ ಕೆಲವೇ ಡಿಗ್ರಿ ಆಚೀಚೆ ಆಗೋದು, ಹವಳ ಅದಕ್ಕೇ ಒಗ್ಗಿಕೊಂಡಿರೋದು. ಅಲ್ಲಿನ ಮಾಮೂಲಿ ಅತಿ ಬಿಸಿ ತಿಂಗಳಿಗಿಂತ ಒಂದು ಡಿಗ್ರಿ ಹೆಚ್ಚಾಗಿ ನಾಲ್ಕು ವಾರ ನಿಂತ್ರೆ ಬಿಳಿಚಿಕೊಳ್ಳೋದು ಶುರು, ಎಂಟು ವಾರ ನಿಂತ್ರೆ ಸಾಯೋದು ಶುರು. ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾ ಸ್ಯಾಟಲೈಟ್ ಇಟ್ಕೊಂಡು ಇದೇ ಲೆಕ್ಕದ ಮೇಲೆ ಎಚ್ಚರಿಕೆ ಕೊಡೋದು. ಒಂದು ದಿನದ ಬಿಸಿ ಅಲ್ಲ, ನಿಂತ ಬಿಸಿ.

ಭತ್ತದಮನಿ_ಗಂಗಾವತಿ:
ರಾಯಚೂರು ಅಣ್ಣಾರ, ಇದು ನನಗ ತಿಳೀತು ನೋಡ್ರಿ. ಬ್ಯಾಸಿಗಿ ಭತ್ತ ಹೂವಾಡೋ ಹೊತ್ತಿನ್ಯಾಗ ಬಿಸಿಲು 35 ದಾಟಿ ನಿಂತ್ರ ಕಾಳು ಕಟ್ಟಂಗಿಲ್ಲ, ತೆನಿ ಹಸರಾಗಿ ನೆಟ್ಟಗ ನಿಂತಿರ್ತೈತಿ, ಕೈಯಾಗ ಹಿಡದು ಒತ್ತಿದ್ರ ಬರೇ ಜೊಳ್ಳು. ಅದಾ ಬಿಸಿಲು ಹದಿನೈದು ದಿನ ಮೊದಲು ಬಂದಿದ್ರ ಅಷ್ಟು ಲುಕ್ಸಾನ ಇಲ್ಲ. ಎಷ್ಟು ಡಿಗ್ರಿ ಅನ್ನೋದಕ್ಕಿಂತ ಯಾವಾಗ ಬಂತು, ಎಷ್ಟು ದಿನ ನಿಂತು ಅನ್ನೋದು ದೊಡ್ಡದು.

ಬಿಸಿಲೂರು_ರಾಯಚೂರು:
ಜೊಳ್ಳಿನ ಮಾತು ಒಪ್ಪಿದೆ. ಆದ್ರೂ ಕಡಲಾಗಿನ ಹವಳಕ್ಕೂ ನಮಗೂ ಏನು ಸಂಬಂಧ ಅಂತ ಯಾರೂ ಹೇಳವಲ್ರಿ.

ಕುಷ್ಟಗಿ_ಲೈನ್‌ಮನ್:
ಸಂಬಂಧ ಆಮ್ಯಾಲೆ ಹೇಳ್ತಾರ, ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ. 2015ರಿಂದ ಎರಡು ವರ್ಷ ಕಾಂಟ್ರಾಕ್ಟ್ ಮ್ಯಾಲೆ ಲಕ್ಷದ್ವೀಪದ ಕವರತ್ತಿ ಒಳಗ ವೈರಿಂಗ್ ಕೆಲಸಕ್ಕಿದ್ದೆ, ಕೊಚ್ಚಿಯಿಂದ ಹಡಗದಾಗ ಹೋಗಬೇಕು. ನಮ್ಮ ಕುಷ್ಟಗಿಯವನಿಗಿ ಈಜು ಎಲ್ಲಿಂದ ಬರಬೇಕು, ಅಲ್ಲಿಯ ಮೀನುಗಾರ ಹುಡುಗ್ರು ಕಲಿಸಿದ್ರು. ದಂಡಿಗೂ ಹವಳದ ದಿಬ್ಬಕ್ಕೂ ನಡುವಿನ ನೀರಿಗಿ ಲಗೂನ್ ಅಂತಾರ, ಎದಿ ಮಟ ನೀರು, ಕನ್ನಡಕ ಹಾಕ್ಕೊಂಡು ಮುಖ ಅದ್ದಿದ್ರ ಸಾಕು. ನಾನು ಮೊದಲ ಸಲ ಮುಖ ಅದ್ದಿದಾಗ ಕಂಡಿದ್ದಕ್ಕಿಂತ ಮೊದಲು ಕೇಳಿದ್ದು, ಕಟಕಟಕಟ ಅಂತ ಸಪ್ಪಳ, ಸುತ್ತೂ ಕಡಿ. ಏನಪಾ ಅಂತ ನೋಡಿದ್ರ ಗಿಳಿಮೀನು, ಗಿಳಿ ಕೊಕ್ಕಿನಂಥ ಹಲ್ಲಿಲೆ ಕಲ್ಲು ಕೆರದು ಕೆರದು ತಿಂತಾವ. ತಿಂದ ಕಲ್ಲು ಹಿಂದಿನಿಂದ ಬೆಳ್ಳನ ಉಸುಕಾಗಿ ಹೊರಗ ಬೀಳ್ತೈತಿ, ಮೋಡದಂಗ. ನಾವು ಮಲಗೋ ದಂಡಿ ಉಸುಕಿನ್ಯಾಗ ಇದರ ಪಾಲು ಭಾಳ ಐತಿ ಅಂದ್ರು ಹುಡುಗ್ರು, ನಂಬಲಿಲ್ಲ ನಾನು, ಆಮ್ಯಾಲೆ ಓದಿದೆ ಖರೇನ, ದೊಡ್ಡ ಗಿಳಿಮೀನು ವರ್ಷಕ್ಕ ನೂರಾರು ಕಿಲೋ ಉಸುಕು ಮಾಡ್ತೈತಿ.

ಕವಲೊಡೆದ ಹವಳದ ಸಂದಿಯಾಗ ಉಗುರಿನಷ್ಟು ಏಡಿ ಇರ್ತಾವ. ಬಳ್ಳು ಹತ್ರ ತಂದ್ರ ಓಡಂಗಿಲ್ಲ, ಕೊಂಡಿ ಎತ್ತಿ ಮುಂದ ಬರ್ತಾವ. ಮುಳ್ಳುಕಿರೀಟ ಅಂತ ಒಂದು ನಕ್ಷತ್ರಮೀನು ಹವಳ ತಿನ್ನಾಕ ಬಂದ್ರ ಈ ಏಡಿ ಅದರ ಕಾಲು ಚಿವುಟಿ ಚಿವುಟಿ ಓಡಸ್ತಾವ. ತನ್ನ ಮನಿ ತಾನ ಕಾಯ್ತೈತಿ.

2016ರ ಏಪ್ರಿಲ್-ಮೇ ತಿಂಗಳ ಅದಾ ಜಾಗಕ್ಕ ಹೋದ್ರ ಎಲ್ಲಾ ಬೆಳ್ಳಗ. ಸುಣ್ಣ ಬಳದ ಗ್ವಾಡಿ ಬಿಸಿಲಿಗಿ ಹೊಳದಂಗ ಹೊಳೀತಿತ್ತು, ಚಂದ ಕಾಣ್ತೈತಿ ಅಂತ ನಾನು ಖುಷಿ ಪಟ್ಟೆ, ಜೊತಿಗಿದ್ದ ಹುಡುಗನ ಮುಖ ನೋಡಿ ಸುಮ್ಮನಾದೆ. ಕೆಲವು ವಾರ ಬಿಟ್ಟು ಹೋದ್ರ ಬಿಳುಪೂ ಇಲ್ಲ, ಕಂದು ಬಣ್ಣದ ಲೋಳಿ ಪಾಚಿ ಕಲ್ಲಿಗಿ ಹತ್ತಿತ್ತು. ಏಡಿ ಹುಡುಕಿದೆ, ಇರ್ಲಿಲ್ಲ.

ಮಸ್ಕಿ_ಅಕ್ಕ:
ಓದಿ ಸಂಕಟ ಆತು ಅಣ್ಣ.

ಕೌಲ್‌ಬಜಾರ್_ಹುಡುಗ:
ಲೈನ್‌ಮನ್ ಅಣ್ಣ ಸೂಪರ್ ಆಗಿ ಬರ್ದಿದೀರ. ನಮ್ಮ ಮಾವ ಒಬ್ರು ಹಂಗೇ ದ್ವೀಪದಿಂದ ಒಂದು ಬಿಳಿ ಹವಳದ ಕಲ್ಲು ತಂದು ಶೋಕೇಸಲ್ಲಿಟ್ಟವ್ರೆ, ಮೈ ಮೇಲೆಲ್ಲಾ ಚಿಕ್ಕ ಚಿಕ್ಕ ನಕ್ಷತ್ರ ಕೊರ್ದಂಗೆ ಇದೆ. ಆ ಹುಡುಗಿಗೆ ಬೇಕಂದ್ರೆ ಕೊಡಿಸ್ತೀನಿ, ಪ್ರಾಜೆಕ್ಟಿಗೆ ಆಗುತ್ತೆ

ಝೂಆಲಜಿ_ಮೇಡಂ_ಬಳ್ಳಾರಿ:
ಬೇಡಪ್ಪ, ಆ ಹುಡುಗಿಗೆ ತೊಂದರೆ ತರಬೇಡ. 2001ರಿಂದ ಕಲ್ಲು ಹವಳ ಎಲ್ಲಾ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ. ಹುಲಿ ಎಲ್ಲಿದೆಯೋ ಅಲ್ಲೇ. ಸತ್ತಿದ್ದು, ದಂಡೆಯಲ್ಲಿ ಬಿದ್ದಿದ್ದು ಅಂದ್ರೂ ಆಯ್ದು ತರೋಹಂಗಿಲ್ಲ. ಆ ನಕ್ಷತ್ರ ಇದೆಯಲ್ಲ, ಒಂದೊಂದೂ ಒಂದು ಪಾಲಿಪ್ಪಿನ ಮನೆ, ನಡುವಿನ ಗೋಡೆ ಎಣಿಸಿದ್ರೆ ಎಷ್ಟೋ ಜಾತಿಯಲ್ಲಿ ಆರರ ಲೆಕ್ಕ ಸಿಗುತ್ತೆ.

ಸಿಂಧನೂರಿನವ:
ಸತ್ತ ಕಲ್ಲಿಗೂ ಹುಲಿ ಕಾನೂನಾ? ಇದು ಅತಿ ಆತು. ಮಾವ ಏನು ಕಳ್ಳನೇನು?

ಝೂಆಲಜಿ_ಮೇಡಂ_ಬಳ್ಳಾರಿ:
ಮಾವ ಕಳ್ಳ ಅಂತ ನಾನು ಅನ್ನಲಿಲ್ಲ, ಎಷ್ಟೋ ಜನಕ್ಕೆ ಗೊತ್ತಿರಲ್ಲ. ಸತ್ತ ಹವಳದ ಮೇಲೇನೇ ಹವಳದ ಮರಿ ಬಂದು ಕೂರೋದು, ಉಸುಕಿನ ಮೇಲೆ ಕೂತ್ರೆ ಉಳಿಯಲ್ಲ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕೆ, ಮನೆ ಕಟ್ಟೋದಕ್ಕೆ ಅಂತ ದಶಕಗಟ್ಟಲೆ ಹವಳ ಅಗೆದು ಗಾಡಿಗಟ್ಟಲೆ ಸಾಗಿಸಿದ್ರು. ಈಗ ಅಲ್ಲೇ ಸಂಶೋಧಕರು ಹವಳದ ತುಂಡು ಕಟ್ಟಿ ಕಟ್ಟಿ ನಾಟಿ ಮಾಡ್ತಿದಾರೆ, ಭತ್ತದ ಸಸಿ ಹಚ್ಚಿದ ಹಾಗೆ ಒಂದೊಂದೇ.

ಸಂಡೂರು_ಕೆಂಪುಮಣ್ಣು:
ಸುಣ್ಣದ ಮಾತು ಬಂತಲ್ಲ, ನಂದೊಂದು ಡೌಟು. ನಮ್ಮ ಸಂಡೂರು ಗುಡ್ಡದಲ್ಲೂ ಸುಣ್ಣದ ಕಲ್ಲು ಇದೆ, ಪದರ ಪದರ ಇರುತ್ತೆ. ಅದೂ ಹಳೇ ಹವಳನಾ? ಇಲ್ಲೂ ಸಮುದ್ರ ಇತ್ತು ಅಂತಾರೆ.

ಝೂಆಲಜಿ_ಮೇಡಂ_ಬಳ್ಳಾರಿ:
ಸಮುದ್ರ ಇತ್ತು, ಹವಳ ಇರಲಿಲ್ಲ. ಸಂಡೂರಿನ ಬಂಡೆ 250 ಕೋಟಿ ವರ್ಷಕ್ಕಿಂತ ಹಳೇದು. ಅಲ್ಲಿ ಸಿಗೋ ಪದರದ ಕಲ್ಲು ಸ್ಟ್ರೊಮ್ಯಾಟೊಲೈಟ್, ಅದನ್ನ ಕಟ್ಟಿದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಈಗಿನ ಕಲ್ಲು ಹವಳದ ವಂಶ ಹುಟ್ಟಿ ಸುಮಾರು 24 ಕೋಟಿ ವರ್ಷ. ಜೀವಿಗಳು ಕಲ್ಲು ಕಟ್ಟೋ ಕಸುಬು ನಮ್ಮ ಗುಡ್ಡದಲ್ಲಿ ಅವಕ್ಕಿಂತ ಎಷ್ಟೋ ಮೊದಲೇ ನಡೀತಿತ್ತು ನೋಡಿ.

ಸಂಡೂರು_ಕೆಂಪುಮಣ್ಣು:
ದಿನಾ ಆ ಕಲ್ಲಿನ ಮುಂದೆ ಬೈಕಲ್ಲಿ ಹೋಗ್ತೀನಿ ಮೇಡಂ, ನಾಳೆ ನಿಂತು ನೋಡ್ತೀನಿ 🙏

ಮುನಿರಾಬಾದ್_33ಗೇಟ್:
ಬಿಸಿಲೂರು ಅಣ್ಣ ಕೇಳಿದ್ರಲ್ಲ ನಮಗೂ ಹವಳಕ್ಕೂ ಏನ್ ಸಂಬಂಧ ಅಂತ, ನಾನು ತುಂಗಭದ್ರಾ ಡ್ಯಾಮ್ ಪಕ್ಕದಾಗ ಹುಟ್ಟಿ ಬೆಳದವ, ನಾನು ಹೇಳ್ತೀನಿ, ಸ್ವಲ್ಪ ಉದ್ದ ಆಗ್ತೈತಿ.

ಪೆಸಿಫಿಕ್ ಸಾಗರದ ನಡು ನೀರು ಕೆಲವು ವರ್ಷಕ್ಕೊಮ್ಮೆ ಕಾಯ್ತೈತಿ, ಎಲ್ ನಿನೊ ಅಂತಾರ. ಅದು ಬಂದ ವರ್ಷ ನಮ್ಮ ಮುಂಗಾರು ಸೊರಗೋದು ಹೆಚ್ಚು. 2023 ನೆನಪೈತಲ್ಲ, ರಾಜ್ಯದಾಗ 200ಕ್ಕೂ ಹೆಚ್ಚು ತಾಲೂಕು ಬರ ಅಂತ ಡಿಕ್ಲೇರ್ ಮಾಡಿದ್ರು, ಡ್ಯಾಮ್ ತುಂಬಲಿಲ್ಲ, ಎರಡನೇ ಬೆಳಿಗಿ ನೀರಿಲ್ಲದ ರೈತರು ಎಷ್ಟು ಒದ್ದಾಡಿದ್ರು ಗಂಗಾವತಿ ಅಣ್ಣಗ ಗೊತ್ತು. ಅದಾ ಬಿಸಿ ಸಮುದ್ರದಾಗ ಹವಳ ಸುಟ್ಟಿತು. 2023ರಿಂದ ಶುರುವಾದ ಜಾಗತಿಕ ಬ್ಲೀಚಿಂಗ್ ನಾಲ್ಕನೇದು, 1998, 2010, 2014-17 ಮೊದಲಿನವು. ಲಕ್ಷದ್ವೀಪದಾಗ 2024ರ ಬ್ಯಾಸಿಗಿ ಮತ್ತ ಬಿಳಿಚಿತು. ನಮ್ಮ ಜೊಳ್ಳು, ಅಲ್ಲಿಯ ಬಿಳುಪು, ಎರಡೂ ಒಂದಾ ಬ್ಯಾನಿ.

ಇನ್ನ ದೊಡ್ಡ ಸಂಬಂಧ ಹೇಳ್ತೀನಿ. ಗುಂಡನ ಬಂಡೆಗಲ್ಲಿನಂಥ ಹವಳ ಇರ್ತೈತಿ, ಪೊರೈಟಿಸ್ ಅಂತ, ವರ್ಷಕ್ಕ ಸುಮಾರು ಒಂದು ಸೆಂಟಿಮೀಟರ್ ಬೆಳೀತೈತಿ, ಗಿಡದ ಕಾಂಡದಂಗ ವರ್ಷಕ್ಕೊಂದು ಪಟ್ಟಿ. ವಿಜ್ಞಾನಿಗಳು ನೀರಿನ ತಳದಾಗ ಡ್ರಿಲ್ ಹಿಡದು ಬೋರ್ ಕೊರದಂಗ ಕೊರದು ಉದ್ದನ ಕಡ್ಡಿ ತಗೀತಾರ, ತೂತಿಗಿ ಸಿಮೆಂಟ್ ಮೆತ್ತತಾರ, ಹವಳ ಮತ್ತ ಅದರ ಮ್ಯಾಲೆ ಬೆಳೀತೈತಿ. ಕಡ್ಡಿ ಸೀಳಿ ಎಕ್ಸ್‌ರೇ ಹಿಡದ್ರ ಪಟ್ಟಿ ಕಾಣ್ತಾವ, ಅದರೊಳಗಿನ ಆಕ್ಸಿಜನ್ ಅಳದು ಆ ವರ್ಷ ನೀರು ಎಷ್ಟು ಬಿಸಿ ಇತ್ತು ಅಂತ ಹೇಳ್ತಾರ. ನಾಲ್ಕೂವರೆ ಮೀಟರಿನ ಹವಳ ಅಂದ್ರ ಹಂಪಿ ಹಾಳಾದ ಕಾಲಕ್ಕ ಹುಟ್ಟಿದ್ದು. ಕಿಮ್ ಕಾಬ್ ಅನ್ನೋ ವಿಜ್ಞಾನಿ ಪೆಸಿಫಿಕ್ಕಿನ ಪಾಲ್ಮೈರಾ ದ್ವೀಪದ ಹಳೇ ಹವಳ ಜೋಡಿಸಿ ಸಾವಿರ ವರ್ಷದೊಳಗಿನ ಎಲ್ ನಿನೊ ಓದ್ಯಾರ. ಥರ್ಮಾಮೀಟರ್ ಇಲ್ಲದ ಕಾಲದ ಲೆಕ್ಕ ಹವಳ ಬರದಿಟ್ಟೈತಿ. ಮತ್ತ ಅದಾ ವಿಜ್ಞಾನಿ ವರ್ಷಗಟ್ಟಲೆ ಕೆಲಸ ಮಾಡಿದ ಕಿರಿಟಿಮಾಟಿ ದ್ವೀಪದಾಗ 2015-16ರ ಎಲ್ ನಿನೊ ಬಹುಪಾಲು ಹವಳ ಕೊಂದುಹಾಕಿತು. ಲೆಕ್ಕ ಬರಿಯವನ ಮನಿಗಾ ಬೆಂಕಿ ಬಿತ್ತು.

ಬಿಸಿಲೂರು_ರಾಯಚೂರು:
ಎಲ್ ನಿನೊ ಬಂದ್ರ ಬರ ಅನ್ನೋದು ಪೂರ್ತಿ ಖರೇ ಅಲ್ಲ. 1997ರಾಗ ಅಷ್ಟು ದೊಡ್ಡ ಎಲ್ ನಿನೊ ಬಂದ್ರೂ ದೇಶದ ಮುಂಗಾರು ಸರಿನ ಆಗಿತ್ತು. ಇದಕ್ಕ ಏನಂತೀರಿ?

ಮುನಿರಾಬಾದ್_33ಗೇಟ್:
ಸರಿ ಹಿಡದ್ರಿ, ಅದಕ್ಕಾ "ಹೆಚ್ಚು" ಅಂದೆ, "ಯಾವಾಗ್ಲೂ" ಅನ್ಲಿಲ್ಲ. ಆ ವರ್ಷ ನಮ್ಮ ಹಿಂದೂ ಮಹಾಸಾಗರದ ಪಶ್ಚಿಮ ಕಡಿ ನೀರು ಕಾದು ಪೂರ್ವದ ಕಡಿ ತಣ್ಣಗಾಗಿತ್ತು, ಇಂಡಿಯನ್ ಓಶನ್ ಡೈಪೋಲ್ ಅಂತಾರ, ಅದು ಮಳಿ ಉಳಿಸ್ತು. ಆ ಡೈಪೋಲಿನ ಹಳೇ ಲೆಕ್ಕ ತಗದಿದ್ದೂ ಹವಳದಿಂದಾನ. ಆದ್ರ 1877ರ ಎಲ್ ನಿನೊ ಹೊತ್ತಿನ್ಯಾಗ ಡೈಪೋಲ್ ಇದ್ರೂ ಮಳಿ ಉಳೀಲಿಲ್ಲ. ಧಾತು ಬರ ಅಂತ ಹಿರಿಯರು ಹೇಳ್ತಿದ್ರಲ್ಲ, 1876-78, ಮದ್ರಾಸ್ ಸೀಮಿಯೊಳಗ ಅತಿ ಹೆಚ್ಚು ನರಳಿದ ಜಿಲ್ಲಾದಾಗ ನಮ್ಮ ಬಳ್ಳಾರಿ ಒಂದು.

ಮಸ್ಕಿ_ಅಕ್ಕ:
ನಮ್ಮ ಮುತ್ಯಾ ತಮ್ಮ ಮುತ್ಯಾನ ಮಾತು ಹೇಳ್ತಿದ್ರು, ಧಾತು ಬರದಾಗ ಕತ್ತಾಳಿ ಗಡ್ಡಿ ಬೇಯಿಸಿ ತಿಂದ್ರಂತ.

ಸಿಂಧನೂರಿನವ:
ಡ್ಯಾಮ್ ಮಾತು ಬಂತು ಅಂದ್ರ ಗೇಟಿನ ಮಾತೂ ಬರ್ಲಿ. 2024ರ ಆಗಸ್ಟಿನ್ಯಾಗ 19ನೇ ಗೇಟು ಕೊಚ್ಚಿ ಹೋತಲ್ಲ, ತುಂಬಿದ ನೀರು ಹೊಳಿ ಪಾಲಾತು, ನಾವು ಮೂರು ರಾತ್ರಿ ನಿದ್ದಿ ಮಾಡಿಲ್ಲ.

ಮುನಿರಾಬಾದ್_33ಗೇಟ್:
ಅದಕ್ಕ ಬ್ಯಾರೆ ಥ್ರೆಡ್ ಐತಿ ಅಣ್ಣ, ಅಲ್ಲಿ ಮಾತಾಡೂಣ. ಇಲ್ಲಿ ಹುಡುಗಿ ಭವಿಷ್ಯದ ಮಾತು.

ಕುಷ್ಟಗಿ_ಲೈನ್‌ಮನ್:
ಹವಳ ಹೋದ್ರ ಲಕ್ಷದ್ವೀಪದ ಜನಕ್ಕ ಬರೇ ಚಂದ ಹೋಗೋದಲ್ಲ, ಅದನ್ನೂ ಬರೀಬೇಕು. ಅಲ್ಲಿಯವರು ಟ್ಯೂನಾ ಮೀನು ಗಾಳದ ಕೋಲಿನಿಂದ ಒಂದೊಂದಾ ಹಿಡಿತಾರ, ಅದಕ್ಕ ಬೇಕಾದ ಜೀವಂತ ಎರೆ ಮೀನು ಸಿಗೋದು ಹವಳದ ಸುತ್ತ. ಹವಳದ ದಿಬ್ಬ ಅಲೆ ಒಡೀತೈತಿ, ಅಲೆಯ ಶಕ್ತಿಯೊಳಗ ಸರಾಸರಿ 97 ಪರ್ಸೆಂಟ್ ದಿಬ್ಬಗಳ ತಡೀತಾವಂತ. ಬಾವಿ ಸಿಹಿ ನೀರೂ ಹವಳದ ಉಸುಕಿನ ಒಳಗ ಉಪ್ಪು ನೀರಿನ ಮ್ಯಾಲೆ ತೇಲಿಕೊಂಡು ನಿಂತಿರ್ತೈತಿ, ತೆಳ್ಳನ ಪದರ. ದಿಬ್ಬ ಬೆಳಿಯೋದು ನಿಂತು ಸವೀತಾ ಹೋದ್ರ ನೆಲಾನೂ ಇಲ್ಲ, ಬಾವಿನೂ ಇಲ್ಲ.

ಸಿಂಧನೂರಿನವ:
ಸರಿ, ಎಲ್ಲಾ ಚೊಲೊ ಐತಿ. ಆದ್ರ ಉದ್ಯೋಗ? ಯಾರೂ ಆ ಮಾತು ಎತ್ತವಲ್ರಿ. ನನ್ನ ತಂಗಿನ್ನೂ ಎಂಎಸ್ಸಿ ಓದಿಸಿ ಮನ್ಯಾಗ ಕುಂದರಿಸ್ಕೊಂಡೀನಿ, ಆ ಸಂಕಟದಿಂದ ಕೇಳ್ತೀನಿ, ವಾದಕ್ಕಲ್ಲ.

ಝೂಆಲಜಿ_ಮೇಡಂ_ಬಳ್ಳಾರಿ:
ನಿಮ್ಮ ಸಂಕಟ ಅರ್ಥ ಆಗುತ್ತೆ, ನಾನೂ ಸುಳ್ಳು ಭರವಸೆ ಕೊಡಲ್ಲ. ಎಂಎಸ್ಸಿ ಒಂದರಿಂದ ಸಾಲದು, ನೆಟ್ ಪರೀಕ್ಷೆ ಬರೀಬೇಕು, ಪಿಎಚ್‌ಡಿ ಮಾಡಬೇಕು, ಜಾಗ ಕಡಿಮೆ. ಆದ್ರೆ ದಾರಿ ಇದೆ. ಗೋವಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ, ಕೊಚ್ಚಿಯಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) ಇದೆ, ಅದರ ಕೇಂದ್ರಗಳು ಕಾರವಾರ, ಮಂಗಳೂರಲ್ಲೂ ಇವೆ. ಝೂಆಲಜಿಕಲ್ ಸರ್ವೆ ಇದೆ. ಮತ್ತೆ ನಮ್ಮ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್, ಕಡಲೇ ಇಲ್ಲದ ಊರಲ್ಲಿ ಕೂತು 1998ರಿಂದ ಲಕ್ಷದ್ವೀಪದ ಹವಳ ನೋಡ್ತಾ ಬಂದಿದಾರೆ. ಒಂದೇ ದಿಬ್ಬಕ್ಕೆ ಮತ್ತೆ ಮತ್ತೆ ಹೋಗಿ, ಟೇಪ್ ಹಾಸಿ, ಅಷ್ಟರೊಳಗೆ ಜೀವಂತ ಹವಳ ಎಷ್ಟು ಅಂತ ಲೆಕ್ಕ ಹಿಡಿಯೋದು. 24 ವರ್ಷದಲ್ಲಿ ಜೀವಂತ ಹವಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ ಅಂತ ಗೊತ್ತಾಗಿದ್ದು ಅವರು ಬಿಡದೆ ಹೋಗಿದ್ದಕ್ಕೆ.

ಇನ್ನೊಂದು, ಹುಡುಗಿಗೆ ಇದು ಹೇಳಿ. ಹವಳಗಳು ಹುಣ್ಣಿಮೆ ಆದ ಕೆಲವು ರಾತ್ರಿಗೆ ಎಲ್ಲಾ ಒಟ್ಟಿಗೆ ಮೊಟ್ಟೆ ಬಿಡ್ತಾವೆ, ಗುಲಾಬಿ ಬಣ್ಣದ ಸಣ್ಣ ಸಣ್ಣ ಉಂಡೆ ತಳದಿಂದ ಮೇಲಕ್ಕೆ ಏಳ್ತಾವೆ, ಮಳೆ ಕೆಳಗಿಂದ ಮೇಲಕ್ಕೆ ಬಿದ್ದ ಹಾಗೆ. ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಇದನ್ನ 1980ರ ದಶಕದ ಶುರುವಲ್ಲಿ ಕಂಡುಹಿಡಿದವರು ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಓದೋ ಹುಡುಗರು. ರಾತ್ರಿ ನೀರಿಗಿಳಿದು ಕಾದ್ರು, ಕಂಡ್ರು.

ಕೌಲ್‌ಬಜಾರ್_ಹುಡುಗ:
ನಮ್ಮ ಕರ್ನಾಟಕದಲ್ಲೇ ನೇತ್ರಾಣಿ ಇದೆ, ಮುರುಡೇಶ್ವರದಿಂದ ಬೋಟು. ಹೋದ ಡಿಸೆಂಬರಲ್ಲಿ ಡೈವ್ ಮಾಡ್ದೆ, ಬಂಡೆ ಮೇಲೆ ಹವಳ ಅಂಟ್ಕೊಂಡಿತ್ತು, ಮೀನು ಲೆಕ್ಕ ಇಲ್ಲ. ಮಳೆಗಾಲದಲ್ಲಿ ಬಂದ್. ಕಾರವಾರದಿಂದ ಹತ್ರಾನೇ

ಭತ್ತದಮನಿ_ಗಂಗಾವತಿ:
ನಮಸ್ಕಾರ, ಅಪ್ಪನ ಐಡಿಯಿಂದ ನಾನಾ ಟೈಪ್ ಮಾಡ್ತೀನಿ, ಮಗಳು. ಎಲ್ಲಾ ಓದಿದೆ, ಅಪ್ಪನೂ ಪಕ್ಕದಾಗ ಕುಂತು ಓದಿಸಿಕೊಂಡ್ರು, ಅವ್ವನೂ ರೊಟ್ಟಿ ಬಡಿಯೋದು ಬಿಟ್ಟು ಬಂದು ಕೇಳಿದ್ಲು. ಆಮ್ಯಾಲೆ ಅವ್ವ ತಾಳಿ ಸರ ಕೈಗಿ ಕೊಟ್ಟು ನೋಡು ಅಂದ್ಲು. ನನ್ನ ಹತ್ರ ಹತ್ತು ಪಟ್ಟಿನ ಲೆನ್ಸ್ ಐತಿ. ಎರಡು ಹವಳ ಅದಾವ. ಒಂದರ ಮೈ ಮ್ಯಾಲೆ ಕೂದಲಿಗಿಂತ ಸಣ್ಣ ಗೆರಿ, ಉದ್ದಕ್ಕ, ಒಂದರ ಪಕ್ಕ ಒಂದು, ಬಾಚಣಿಕಿ ಎಳದಂಗ. ಅದು ನಮ್ಮ ಅಮ್ಮಮ್ಮ ಕೊಟ್ಟಿದ್ದಂತ, ಖರೇ ಹವಳ. ಇನ್ನೊಂದರಾಗ ಗೆರಿ ಇಲ್ಲ, ಒಳಗ ಒಂದು ಗಾಳಿ ಗುಳ್ಳಿ ಐತಿ, ಗಾಜು. ಅವ್ವಗ ಗಾಜಿಂದು ಹೇಳಬೇಕೋ ಬ್ಯಾಡೋ ಅಂತ ಒಂದು ಗಳಿಗಿ ಸುಮ್ಮನಾದೆ, ಹೇಳಿದೆ. "ಹಂಗಾದ್ರ ಇದೊಂದು ಕಡಲಾಗ ಉಸಿರಾಡಿದ್ದು" ಅಂತ ಅಮ್ಮಮ್ಮನ ಹವಳ ಬಳ್ಳಿಲೆ ಸವರಿದ್ಲು.

ಲೈನ್‌ಮನ್ ಕಾಕಾ, ನೀವು ನೋಡಿದ ಏಡಿ ಟ್ರಪೀಝಿಯಾ. ನನಗ ಓದಬೇಕಾಗಿರೋದೂ ಅದಾ. ಹವಳ ಬಿಳಿಚಿದ ಮ್ಯಾಲೆ ಅದು ಯಾವಾಗ ಬಿಟ್ಟು ಹೋಗ್ತೈತಿ, ಹವಳ ಚೇತರಿಸಿಕೊಂಡ್ರ ಮತ್ತ ಯಾವಾಗ ಬರ್ತೈತಿ ಅಂತ. ನೀವು ಎಷ್ಟು ವಾರ ಬಿಟ್ಟು ಹುಡುಕಿದ್ರಿ ಅಂತ ನೆನಪಿದ್ರ ಬರೀರಿ.

ಕುಷ್ಟಗಿ_ಲೈನ್‌ಮನ್:
ತಂಗೀ, ಬಿಳುಪು ಕಂಡಿದ್ದು ಏಪ್ರಿಲ್ ಕಡೀ ವಾರ, ಮಳಿಗಾಲ ಶುರುವಾಗಿ ಹಡಗು ನಿಂತಾಗ ಕೊನೀ ಸಲ ನೀರಿಗಿ ಇಳಿದಿದ್ದು, ಅಂದ್ರ ಆರು ವಾರ. ಡೈರಿ ಐತಿ ಮನ್ಯಾಗ, ತಾರೀಖು ನೋಡಿ ಹಾಕ್ತೀನಿ.

ಭತ್ತದಮನಿ_ಗಂಗಾವತಿ:
ಈಗ ನಾನು ಅಪ್ಪ. ಎಲ್ಲಾರಿಗೂ ಕೈ ಮುಗಿತೀನಿ. ಸಿಂಧನೂರು ತಮ್ಮಾ, ನಿನ್ನ ಮಾತು ತಲಿಯೊಳಗ ಇಟ್ಕೊಂಡೀನಿ, ಖರ್ಚಿಗಿ ಈ ಸಲದ ಭತ್ತ ಐತಿ, ಮುಂದಿಂದು ಮುಂದ. ಸೋಮವಾರ ಫೀ ಕಟ್ಟಾಕ ಕಾರವಾರಕ್ಕ ಹೊಂಟೀವಿ, ಅವ್ವನೂ ಬರ್ತೀನಿ ಅಂದಾಳ. ಹುಬ್ಬಳ್ಳಿ ತನಕ ಗೊತ್ತೈತಿ, ಅಲ್ಲಿಂದ ಹೆಂಗ?

ಮಸ್ಕಿ_ಅಕ್ಕ:
ಹುಬ್ಬಳ್ಳಿಯಿಂದ ಯಲ್ಲಾಪುರ ಮ್ಯಾಲೆ ಬಸ್ಸು ಅದಾವ ಅಣ್ಣಾರ, ಅಂಕೋಲಾ ದಾಟಿ ಕಾರವಾರ. ಅರಬೈಲು ಘಾಟಿನ್ಯಾಗ ತಿರುವು ಭಾಳ, ಅಕ್ಕಗ ಕಿಟಕಿ ಸೀಟು ಹಿಡೀರಿ, ಒಂದು ನಿಂಬಿಹಣ್ಣು ಕೈಯಾಗ ಇರ್ಲಿ.